ಜೊತೆಗೆ ಯಾರು ಬಂದಿದ್ದಾರೆ?

ವೇದಿಕೆಯ ಮೇಲಿರುವ ಗೆಳೆಯರೇ, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಿಂದ ಬಸ್ಸು, ಮೆಟ್ರೋ ಹತ್ತಿ ಬಂದ ಹಿರಿಯರೇ, ಅವರ ಕೈಹಿಡಿದು ಈ ಸಭಾಂಗಣದ ಮೆಟ್ಟಿಲು ಹತ್ತಿಸಿದ ಕಿರಿಯರೇ,

ಅಧ್ಯಕ್ಷರ ಸರದಿ ಬರುವ ಹೊತ್ತಿಗೆ ಹೇಳಬೇಕಾದ್ದನ್ನೆಲ್ಲ ಬೇರೆಯವರು ಹೇಳಿ ಮುಗಿಸಿರುತ್ತಾರೆ. ಅದಕ್ಕೇ ನಾನು ಬೇರೆ ಯಾರೂ ಹೇಳಲಾಗದ ವಿಷಯದಿಂದ, ಅಂದರೆ ನನ್ನ ಎಡಗಣ್ಣಿನಿಂದ ಶುರುಮಾಡುತ್ತೇನೆ.

ಕಳೆದ ವರ್ಷ ಅದಕ್ಕೆ ಪೊರೆಯ ಆಪರೇಷನ್ ಆಯಿತು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವಷ್ಟೇ ಕೆಲಸ. ಕೌಂಟರಿನಲ್ಲಿದ್ದ ಹುಡುಗಿ, "ಜೊತೆಗೆ ಯಾರು ಬಂದಿದ್ದಾರೆ?" ಎಂದಳು. ಯಾರೂ ಬಂದಿರಲಿಲ್ಲ. ಹೊರಗೆ ಹೋಗಿ, ನನ್ನನ್ನು ಇಳಿಸಿ ಇನ್ನೂ ಅಲ್ಲೇ ನಿಂತಿದ್ದ ಆಟೋದವರನ್ನು ಕರೆತಂದೆ. ಅವರು ಫಾರಂ ಮೇಲೆ ಸಹಿ ಹಾಕಿದರು. 'ಸಂಬಂಧ' ಎಂದಿದ್ದ ಕಡೆ ಒಂದು ಕ್ಷಣ ಯೋಚಿಸಿ 'ಅಣ್ಣನ ಮಗ' ಎಂದು ಬರೆದರು. ಮೀಟರಿನ ಮೇಲೆ ಒಂದೂವರೆ ಪಟ್ಟು ಕೇಳುವ ಊರಿದು. ಆ ಪುಣ್ಯಾತ್ಮರು ಮೂರು ಗಂಟೆ ಕಾದು, ಮನೆ ಬಾಗಿಲಿಗೆ ಬಿಟ್ಟು, ಬಾಡಿಗೆಯನ್ನಷ್ಟೇ ತೆಗೆದುಕೊಂಡರು.

ಆಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತು ಲೆಕ್ಕ ಹಾಕಿದೆ. ನಮ್ಮ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಗುರುತಿರುವ ಮನೆಗಳು ಹನ್ನೊಂದು. ಕೇಳಿದ್ದರೆ ಯಾವ ಮನೆಯವರೂ ಇಲ್ಲ ಎನ್ನುತ್ತಿರಲಿಲ್ಲ. ನಾನೇ ಕೇಳಲಿಲ್ಲ. ಯಾಕೆ? ಋಣ. ಅವರಿಗೇಕೆ ತೊಂದರೆ ಎಂಬ ಮಾತು ಬಾಯಲ್ಲಿತ್ತು. ಅವರ ಹಂಗಿಗೆ ಬಿದ್ದೇನೆಂಬ ಅಂಜಿಕೆ ಹೊಟ್ಟೆಯಲ್ಲಿತ್ತು. ಬೆಳಿಗ್ಗೆಯಿಂದ ಇಲ್ಲಿ ಸೇವೆಯ ಬಗ್ಗೆ ಬಹಳ ಕೇಳಿದ್ದೇವೆ. ಸಹಾಯ ಮಾಡುವವರಿಗೆ ನಮ್ಮ ಕಡೆ ಬರವಿಲ್ಲ. ಬರ ಇರುವುದು ಕೇಳುವವರಿಗೆ.

ಹೀಗಾದದ್ದಕ್ಕೆ ಕಾರಣ ನಮ್ಮ ಬಡಾವಣೆಗಳಲ್ಲೇ ಇದೆ. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ ಶುರುವಾದ ಬಡಾವಣೆ ಮೊದಲ್ಗೊಂಡು, ಸಿ.ಐ.ಟಿ.ಬಿ., 1976ರಿಂದೀಚೆಗೆ ಬಿ.ಡಿ.ಎ. ಹಂಚಿದ ನಿವೇಶನಗಳವರೆಗೆ, ಇಲ್ಲಿ ನೆಲೆ ನಿಂತವರಲ್ಲಿ ಬಹಳ ಮಂದಿ ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿ, ಶಾಲೆಗಳಲ್ಲಿ ದುಡಿದವರು. ವಠಾರದಿಂದ ಬಂದವರು. ವಠಾರದಲ್ಲಿ ಒಂದೇ ನಲ್ಲಿ, ಒಂದೇ ಅಂಗಳ. ಒಬ್ಬರ ಮನೆಯ ಕೆಮ್ಮು ಇನ್ನೊಬ್ಬರಿಗೆ ಕೇಳುತ್ತಿತ್ತು. ಅಲ್ಲಿ ಜಗಳವೂ ಬೇಕಾದಷ್ಟಿತ್ತು, ನಾನೇನೂ ಅದನ್ನು ಸ್ವರ್ಗ ಎನ್ನುವುದಿಲ್ಲ. ಅದರಿಂದ ಪಾರಾಗಲೆಂದೇ ಸಾಲ ಮಾಡಿ ಮೂವತ್ತು ನಲವತ್ತರ ಸೈಟು ಹಿಡಿದು, ಕೆಳಗೆ ಬಾಡಿಗೆಗೆ ಕೊಟ್ಟು, ಮೇಲೆ ನಾವಿದ್ದೆವು. ಈಗ ಮಂಡಿ ನೋವು, ಮೆಟ್ಟಿಲು ಇಪ್ಪತ್ತೆರಡು. ಮನೆ ಕಟ್ಟಿದಾಗ ಯಾರ ಹಂಗೂ ಬೇಡವೆಂದು ಎತ್ತಿದ ಗೋಡೆಗಳ ನಡುವೆಯೇ ಕೂತು ಕಾಲಿಂಗ್ ಬೆಲ್ ಯಾವಾಗ ಆಗುತ್ತದೋ ಎಂದು ಕಾಯುತ್ತೇವೆ.

ಋಣದ ಅಂಜಿಕೆಗೆ ಮದ್ದು ನಮ್ಮ ಹಳ್ಳಿಗಳಲ್ಲೇ ಇತ್ತು. ಅದರ ಹೆಸರು ಮುಯ್ಯಿ. ಇವತ್ತು ನಾಲ್ಕು ಜನ ನನ್ನ ಗದ್ದೆಯಲ್ಲಿ ನಾಟಿ ಮಾಡಿದರೆ, ನಾಡಿದ್ದು ಅವರ ಗದ್ದೆಗೆ ನನ್ನ ಮನೆಯಿಂದ ಆಳು ಹೋಗಬೇಕು. ಅದು ಮುಯ್ಯಾಳು. ಕೂಲಿಯೂ ಇಲ್ಲ, ಉಪಕಾರವೂ ಇಲ್ಲ, ತಲೆ ತಗ್ಗಿಸುವ ಪ್ರಸಂಗವೇ ಇಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆದಿಡುವ ಪುಸ್ತಕ ನಿಮಗೆಲ್ಲ ನೆನಪಿರಬೇಕು. ಪಟ್ಟಣಕ್ಕೆ ಬಂದ ಮೇಲೆ ಆ ಮಾತು 'ಮುಯ್ಯಿಗೆ ಮುಯ್ಯಿ' ಎಂದು ಸೇಡಿಗೆ ಮಾತ್ರ ಉಳಿದುಕೊಂಡಿತು, ಅದು ನಮ್ಮ ದುರದೃಷ್ಟ.

ಮುಯ್ಯಾಳಿನ ಈ ಕ್ರಮವನ್ನೇ ಜಪಾನಿನ ಒಸಾಕಾದಲ್ಲಿ ತೆರುಕೊ ಮಿಜುಶಿಮಾ ಎಂಬ ಹೆಂಗಸು 1973ರಲ್ಲಿ ಮಾಡಿದರು. ಶ್ರಮದ ಬ್ಯಾಂಕು. ನೀವು ಒಂದು ಗಂಟೆ ದುಡಿದರೆ ಒಂದು ಗಂಟೆ ಜಮಾ. ನಿಮಗೆ ಬೇಕಾದಾಗ ಹಿಂದಕ್ಕೆ ಪಡೆಯಬಹುದು. ಅಮೆರಿಕದ ಬೋಸ್ಟನ್ನಿನ ಬೀಕನ್ ಹಿಲ್ ಎಂಬ ಹಳೆಯ ಬಡಾವಣೆಯ ಹಿರಿಯರು, ವೃದ್ಧಾಶ್ರಮಕ್ಕೆ ಹೋಗೆವು ಎಂದು ನಿಶ್ಚಯಿಸಿ, ತಾವೇ ಚಂದಾ ಹಾಕಿ ಕಟ್ಟಿಕೊಂಡ ಸಂಘ 2002ರಲ್ಲಿ ಕೆಲಸ ಶುರುಮಾಡಿತು. ಅಲ್ಲಿ ಹಣವಿದೆ, ನಮಗದು ಅಷ್ಟಾಗಿ ಒಗ್ಗದು. ನಮಗೆ ಹತ್ತಿರದ ಪಾಠ ಕೇರಳದ್ದು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ ಉಪಶಾಮಕ ಆರೈಕೆ ಮುಂದೆ ಮಲಪ್ಪುರಂನ ಓಣಿಓಣಿಗೆ ಹಬ್ಬಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ನೆರೆಯವರಿಗೇ ತರಬೇತಿ ಕೊಟ್ಟರು. ಡಾಕ್ಟರು, ನರ್ಸು ಅವರ ಬೆನ್ನಿಗೆ ನಿಂತರು. ಎರಡು ಗಂಟೆ ಅಂದರೆ ಒಂದು ಸಿನಿಮಾಕ್ಕಿಂತ ಕಡಿಮೆ.

ನಮ್ಮ ಊರೂ ಸುಮ್ಮನೆ ಕೂತಿರಲಿಲ್ಲ. ಅದೇ 2002ರಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಸೇರಿ 1090 ಎಂಬ ಹಿರಿಯರ ಸಹಾಯವಾಣಿ ತೆರೆದರು. ಈಗ ದೇಶಕ್ಕೆಲ್ಲ 14567 ಇದೆ. ಪೋಷಕರ ನಿರ್ವಹಣೆಗೆ 2007ರ ಕಾಯಿದೆ ಇದೆ. ಅದರಡಿ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಇವೆಲ್ಲ ಬೇಕು. ಆದರೆ ಇವೆಲ್ಲ ಏನಾದರೂ ಕೆಟ್ಟ ಮೇಲೆ ಬರುವ ನೆರವು. ಬಲ್ಬು ಹೋದರೆ 1090ಕ್ಕೆ ಫೋನ್ ಮಾಡಲಾಗದು.

ಸಣ್ಣ ಸಂಗತಿಗಳಲ್ಲೇ ನಾವು ಸೋಲುವುದು. ನವೆಂಬರ್ ಬಂತೆಂದರೆ ಪಿಂಚಣಿದಾರರಿಗೆ ಜೀವನ ಪ್ರಮಾಣಪತ್ರದ ಚಿಂತೆ. ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗದು. ಬದುಕಿದ್ದೇವೆಂದು ನಾವು ಹೇಳಿದರೂ ಯಂತ್ರ ಒಪ್ಪದು. 2021ರಿಂದ ಮುಖ ತೋರಿಸಿದರೂ ಸಾಕು, ಮೊಬೈಲಿನಲ್ಲೇ ಆಗುತ್ತದೆ. ಕಾರ್ಖಾನೆಯಿಂದ ನಿವೃತ್ತರಾದ ಎಷ್ಟೋ ಜನರಿಗೆ ಇ.ಪಿ.ಎಫ್. ಪಿಂಚಣಿ ಬರುವುದು ತಿಂಗಳಿಗೆ ಸಾವಿರದ ಆಸುಪಾಸು. ಅದಕ್ಕೂ ಆಟೋ ಹಿಡಿದು ಅಲೆಯುತ್ತಾರೆ. ಕೆಳಗಿನ ಮನೆಯ ಹುಡುಗನಿಗೆ ಅದು ಐದು ನಿಮಿಷದ ಕೆಲಸ.

ಆ ಕೆಳಗಿನ ಮನೆಯ ಹುಡುಗನ ವಿಷಯದಲ್ಲಿ ಒಂದು ಕಟು ಮಾತು ಹೇಳಿಬಿಡುತ್ತೇನೆ. ನಮ್ಮ ಎಷ್ಟೋ ಬಡಾವಣೆ ಸಂಘಗಳಲ್ಲಿ ಬಾಡಿಗೆದಾರರಿಗೆ ಸದಸ್ಯತ್ವವೇ ಇಲ್ಲ. ಕಲಬುರಗಿಯಿಂದಲೋ ಒಡಿಶಾದಿಂದಲೋ ಬಂದು ನಮ್ಮ ಗೋಡೆಯಾಚೆ ಮಲಗುವವರನ್ನು ಲೆಕ್ಕಕ್ಕೆ ಹಿಡಿಯದೆ, ಕ್ಯಾಲಿಫೋರ್ನಿಯಾದ ಮಗನ ನಂಬರನ್ನು ತುರ್ತುಕರೆಗೆ ಬರೆದಿಡುತ್ತೇವೆ. ರಾತ್ರಿ ಎರಡಕ್ಕೆ ಬಚ್ಚಲಲ್ಲಿ ಬಿದ್ದರೆ ಯಾರು ಬರುತ್ತಾರೆ, ನೀವೇ ಯೋಚಿಸಿ.

ಕಾವಲಿಗೆ ಆ್ಯಪು ಬೇಕಿಲ್ಲ. ಎಂಟು ಗಂಟೆಯಾದರೂ ಗೇಟಿನಲ್ಲಿ ಹಾಲಿನ ಪ್ಯಾಕೆಟ್ಟು ತೂಗುತ್ತಿದ್ದರೆ, ದಿನಾ ಬೀಳುವ ರಂಗೋಲಿ ಬೀಳದಿದ್ದರೆ, ಒಳಗೆ ಹೋಗಿ ನೋಡಬೇಕು. ಹೂವಿನವಳಿಗೆ, ಪೇಪರ್ ಹುಡುಗನಿಗೆ ಇದು ನಮಗಿಂತ ಮೊದಲು ತಿಳಿಯುತ್ತದೆ; ಅವರ ಕೈಗೆ ಒಂದು ಫೋನ್ ನಂಬರು ಕೊಟ್ಟಿರಿ. ಒಂದು ಬೀಗದ ಕೈ ಪಕ್ಕದ ಮನೆಯಲ್ಲಿರಲಿ. ದುಡ್ಡಿನ ವ್ಯವಹಾರ ಮಾತ್ರ ಬೇಡ: ಎ.ಟಿ.ಎಂ. ಕಾರ್ಡು, ಪಿನ್, ಮನೆಪತ್ರ ಯಾವ ಸ್ವಯಂಸೇವಕರ ಕೈಗೂ ಹೋಗಬಾರದು. ಒಂದೇ ಒಂದು ಮೋಸ ನಡೆದರೂ ಇಡೀ ರಸ್ತೆ ಬಾಗಿಲು ಹಾಕಿಕೊಳ್ಳುತ್ತದೆ.

ನಾನು ಮುದುಕ, ನಾನೇನು ಮುಯ್ಯಿ ತೀರಿಸಲಿ ಎನ್ನುವವರಿದ್ದಾರೆ. ಹಾಸಿಗೆ ಹಿಡಿದವರೊಬ್ಬರು ದಿನಾ ಬೆಳಿಗ್ಗೆ ಏಳಕ್ಕೆ ಒಂಟಿಯಾಗಿರುವ ಆರು ಜನರಿಗೆ ಫೋನ್ ಮಾಡಬಲ್ಲರು. ಕಚೇರಿಯಲ್ಲಿ ನಲವತ್ತು ವರ್ಷ ಕಡತ ನೋಡಿದವರು ಕೆಲಸದ ಹೆಂಗಸಿಗೆ ಅರ್ಜಿ ಬರೆದುಕೊಡಬಲ್ಲರು. ನಾನು ಎರಡನೇ ಮನೆಯ ಮಗುವಿಗೆ ಸಂಜೆ ಕನ್ನಡ ಕಾಗುಣಿತ ಹೇಳಿಕೊಡುತ್ತೇನೆ.

ಬಾಗಿಲ ಬಳಿ ಒಂದೊಂದು ಹಾಳೆ ಇಟ್ಟಿದ್ದೇವೆ. ಅದರಲ್ಲಿ ಎರಡು ಸಾಲು: ನಾನು ಮಾಡಬಲ್ಲದ್ದು, ನನಗೆ ಬೇಕಾದ್ದು. ಊಟಕ್ಕೆ ಮೊದಲು ತುಂಬಿಕೊಡಿ. ಎರಡನೇ ಸಾಲು ಖಾಲಿ ಬಿಟ್ಟವರ ಹಾಳೆಯನ್ನು ಹಿಂದಕ್ಕೆ ಕೊಡಲು ಹೇಳಿದ್ದೇನೆ. ನನ್ನದನ್ನು ಆಗಲೇ ಕೊಟ್ಟಾಯಿತು. ಮುಂದಿನ ತಿಂಗಳು ನನ್ನ ಬಲಗಣ್ಣಿನ ಆಪರೇಷನ್. ಜೊತೆಗೆ ಬರಲು ಒಬ್ಬರು ಬೇಕಾಗಿದ್ದಾರೆ.