ಬಾಗಿಲಲ್ಲೇ ನಿಂತ ಮಹಾಸಭೆ

ನೂರೈವತ್ತು ಎಲೆಗೆ ಅಡಿಗೆ ಮಾಡಿಸಿ ನಾನೂರು ಮನೆಗೆ ಅಕ್ಷತೆ ಕೊಟ್ಟು ಬಂದ ಯಜಮಾನನನ್ನು ತಾವು ಒಮ್ಮೆಯಾದರೂ ಕಂಡಿರಬಹುದು. ಮುಹೂರ್ತ ಕಳೆದು ಪಂಕ್ತಿಗೆ ಕೂರುವ ಹೊತ್ತಿಗೆ ಅವನ ಮುಖ ನೋಡುವಂತಿರುವುದಿಲ್ಲ. ಪಾಪ, ಅವನದು ಒಂದು ದಿನದ ಅಪಮಾನ. ನಾಲ್ಕು ದಿನ ಬೀಗರು ಆಡಿಕೊಂಡಾರು, ಅಲ್ಲಿಗೆ ಮುಗಿಯಿತು. ಇದೇ ಲೆಕ್ಕದ ತಪ್ಪು ಲೋಕದ ರಾಷ್ಟ್ರಗಳೆಲ್ಲ ಸೇರಿದ ಸಭೆಯಲ್ಲಿ ಆದರೆ ಅದರ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

2009ನೆಯ ಇಸವಿ ಡಿಸೆಂಬರ್ 7ರಂದು ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಆರಂಭವಾಯಿತು. ಭೂಮಿಯ ಕಾವು ಏರುತ್ತಿದೆ. ಅದನ್ನು ತಡೆಯಲು ಯಾವ ದೇಶ ಎಷ್ಟು ಹೊಗೆ ಕಡಿಮೆ ಮಾಡಬೇಕು, ಬಡ ದೇಶಗಳಿಗೆ ಹಣ ಕೊಡುವವರು ಯಾರು ಎಂಬುದು ಚರ್ಚೆಯ ವಿಷಯ. ಸಭೆ ಕೂಡಿದ್ದು ಬೆಲ್ಲಾ ಸೆಂಟರ್ ಎಂಬ ದೊಡ್ಡ ಭವನದಲ್ಲಿ. ಅದರಲ್ಲಿ ಹಿಡಿಸುವ ಜನ 15,000. ಬರುತ್ತೇವೆಂದು ಹೆಸರು ಕೊಟ್ಟವರು 40,000ಕ್ಕೂ ಹೆಚ್ಚು. ಹೆಸರು ಬರೆದುಕೊಂಡವರಿಗೆ ಭವನದ ಅಳತೆ ತಿಳಿಯದಿರಲಿಲ್ಲ. ಎಲ್ಲರೂ ಒಂದೇ ದಿನ ಬರಲಾರರೆಂಬ ಎಣಿಕೆ ಇದ್ದಿರಬೇಕು. ನಮ್ಮ ಮದುವೆಯ ಯಜಮಾನನ ಎಣಿಕೆಯೂ ಅದೇ.

ಎರಡನೆಯ ವಾರದ ಮೊದಲ ದಿನ, ಡಿಸೆಂಬರ್ 14ರ ಸೋಮವಾರ, ಬಾಗಿಲ ಮುಂದೆ ಸಾವಿರಾರು ಜನ ಸಾಲುಗಟ್ಟಿದರು. ಅದು ಮೈ ಕೊರೆಯುವ ಚಳಿ. ಗುರುತಿನ ಚೀಟಿ ಪಡೆಯಲು ಏಳೆಂಟು ಗಂಟೆ ನಿಂತು, ಕತ್ತಲಾದ ಮೇಲೆ ಬರಿಗೈಯಲ್ಲಿ ಬಿಡಾರಕ್ಕೆ ಹಿಂದಿರುಗಿದವರಿದ್ದರು. ಚೀಟಿ ಇದ್ದವರ ಪಾಡೂ ಅಷ್ಟಕ್ಕಷ್ಟೆ. ಸರ್ಕಾರೇತರ ಸಂಸ್ಥೆಗಳವರಿಗೆ ಮರುದಿನದಿಂದ ಚೀಟಿಯ ಜೊತೆಗೆ ಇನ್ನೊಂದು ಚೀಟಿ ಬೇಕಾಯಿತು. ಅವರಲ್ಲಿ ಒಳಕ್ಕೆ ಬಿಡುವವರ ಸಂಖ್ಯೆಯನ್ನು ಮೊದಲು 7,000ಕ್ಕೆ, ಗುರುವಾರ 1,000ಕ್ಕೆ, ಕೊನೆಯ ದಿನ ಅದಕ್ಕಿಂತ ಎಷ್ಟೋ ಕೆಳಕ್ಕೆ ಇಳಿಸಿದರು. ಚೀನಾದಂಥ ದೇಶದ ಸಚಿವರನ್ನೇ ದ್ವಾರದಲ್ಲಿ ತಡೆದರೆಂದು ಆ ದೇಶದ ಪ್ರತಿನಿಧಿ ಸಭೆಯಲ್ಲಿ ಆಕ್ಷೇಪಿಸಬೇಕಾಯಿತು.

ಚೀನಾದ ಮಾತು ಬಿಡಿ. ಒಬ್ಬರನ್ನು ತಡೆದರೆ ಒಳಗೆ ಇನ್ನೂ ಹಲವರಿರುತ್ತಾರೆ. ತುವಾಲು ಎಂಬ ದ್ವೀಪರಾಷ್ಟ್ರದ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಪೆಸಿಫಿಕ್ ಸಾಗರದಲ್ಲಿ ಹನಿಹನಿಯಾಗಿ ಚೆಲ್ಲಿದ ಒಂಬತ್ತು ದ್ವೀಪಗಳು. ಜನಸಂಖ್ಯೆ ಸುಮಾರು 11,000, ನಮ್ಮ ಒಂದು ಹೋಬಳಿಯಷ್ಟೂ ಇಲ್ಲ. ಅಲ್ಲಿಯ ಅತ್ಯಂತ ಎತ್ತರದ ನೆಲವೂ ಸಮುದ್ರಮಟ್ಟದಿಂದ 5 ಮೀಟರ್ ಮುಟ್ಟದು. ಕಡಲು ಏರಿದರೆ ಅವರಿಗೆ ಹಿಂದೆ ಸರಿಯಲು ಜಾಗವಿಲ್ಲ. ಇಂಥ ಸಣ್ಣ ರಾಷ್ಟ್ರಗಳಿಂದ ಬರುವವರು ಬೆರಳೆಣಿಕೆಯ ಜನ. ಸಭೆಯೋ ಒಂದೇ ಹೊತ್ತಿಗೆ ಹಲವು ಕೋಣೆಗಳಲ್ಲಿ ನಡೆಯುತ್ತದೆ: ಇಲ್ಲಿ ಕಾಡಿನ ವಿಷಯ, ಅಲ್ಲಿ ಹಣದ ವಿಷಯ, ಮತ್ತೊಂದು ಕಡೆ ಹೊಗೆಯ ಲೆಕ್ಕ. ದೊಡ್ಡ ರಾಷ್ಟ್ರ ಕೋಣೆಗೊಬ್ಬರನ್ನು ಕಳಿಸಿ, ರಾತ್ರಿ ಅವರಿಗೆ ನಿದ್ರೆಗೆ ಬಿಟ್ಟು ಬೇರೆಯವರನ್ನು ಕೂರಿಸಬಲ್ಲುದು. ಇಬ್ಬರೇ ಬಂದವರು ಏನು ಮಾಡಬೇಕು? ಒಂದು ಗಂಟೆ ಸಾಲಿನಲ್ಲಿ ಕಳೆದರೆ ಒಂದು ಕೋಣೆಯಲ್ಲಿ ಅವರ ದೇಶದ ದನಿಯೇ ಇಲ್ಲದಂತಾಗುತ್ತದೆ.

ಭಾಷೆಯ ಮಾತಂತೂ ನನ್ನ ಮನಸ್ಸಿಗೆ ಹತ್ತಿರವಾದದ್ದು. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರಬ್ಬಿ, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಮಹಾಸಭೆಯಲ್ಲಿ ಗಾಜಿನ ಗೂಡುಗಳಲ್ಲಿ ಕುಳಿತ ದುಭಾಷಿಗಳು ಕಿವಿಯಲ್ಲಿ ಒಂದು ಭಾಷೆ ಕೇಳುತ್ತಲೇ ಬಾಯಲ್ಲಿ ಇನ್ನೊಂದನ್ನು ಆಡುತ್ತಾರೆ. ಅರ್ಧ ಗಂಟೆಗೊಮ್ಮೆ ಒಬ್ಬರನ್ನೊಬ್ಬರು ಬಿಡಿಸಿಕೊಳ್ಳುವುದು ಪದ್ಧತಿ. ಅದಕ್ಕಿಂತ ಹೆಚ್ಚು ಹೊತ್ತು ಬುದ್ಧಿ ತಡೆಯುವುದಿಲ್ಲ. ಹಳಗನ್ನಡದ ಪದ್ಯವನ್ನು ಹೊಸಗನ್ನಡದಲ್ಲಿ ಬಿಡಿಸಿ ಹೇಳುವಾಗಲೇ, ಮುಂದೆ ಪುಸ್ತಕವಿದ್ದರೂ, ನಾನು ತಡವರಿಸುವುದುಂಟು. ಆದರೆ ನಿಜವಾದ ಕೆಲಸ ನಡೆಯುವ ಸಣ್ಣ ಕೋಣೆಗಳಲ್ಲಿ ದುಭಾಷಿಗಳಿರುವುದಿಲ್ಲ. ಅಲ್ಲಿ ಇಂಗ್ಲಿಷೇ ಗತಿ. ಕರಡು ಪತ್ರವೋ ಆ ವರ್ಷದ ನಡುವಿಗೆ 200 ಪುಟಕ್ಕೆ ಬೆಳೆದಿತ್ತು. ಒಪ್ಪಿಗೆಯಾಗದ ಮಾತುಗಳಿಗೆಲ್ಲ ಚೌಕ ಕಂಸ, ಕಂಸದೊಳಗೆ ಕಂಸ. ನಡುರಾತ್ರಿ ಎರಡು ಗಂಟೆಗೆ, ಹೊಟ್ಟೆಗಿಲ್ಲದೆ, ತನ್ನದಲ್ಲದ ಭಾಷೆಯಲ್ಲಿ ಇದನ್ನು ಓದಿ, ಯಾವ ಶಬ್ದ ತನ್ನ ನಾಡನ್ನು ಮುಳುಗಿಸುತ್ತದೆಂದು ಕಂಡುಹಿಡಿಯಬೇಕು.

ಇದರ ಮೇಲೆ ಅಪನಂಬಿಕೆ. ಆತಿಥೇಯರು ಮೊದಲೇ ಗುಟ್ಟಾಗಿ ಬೇರೊಂದು ಕರಡು ಬರೆದಿಟ್ಟುಕೊಂಡಿದ್ದಾರೆಂಬ ಸುದ್ದಿ ಎರಡನೆಯ ದಿನವೇ ಪತ್ರಿಕೆಯಲ್ಲಿ ಬಯಲಾಯಿತು. ಕೊನೆಯ ದಿನಗಳಿಗೆ ನೂರಕ್ಕೂ ಹೆಚ್ಚು ರಾಷ್ಟ್ರನಾಯಕರು ಬಂದಿಳಿದರು. ಅವರು ಸಹಿ ಹಾಕಲು ಪತ್ರವೇ ಸಿದ್ಧವಿರಲಿಲ್ಲ. 18ರ ರಾತ್ರಿ ಅಮೆರಿಕ, ಚೀನಾ, ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಗಳ ನಾಯಕರು ಒಂದು ಕೋಣೆಯಲ್ಲಿ ಕುಳಿತು ಕೆಲವೇ ಪುಟಗಳ ಒಡಂಬಡಿಕೆಗೆ ರೂಪ ಕೊಟ್ಟರು. ಆ ಐವರಲ್ಲಿ ನಮ್ಮವರೂ ಇದ್ದರೆಂಬುದನ್ನು ನಾವು ಮರೆಯಬಾರದು. ಅಮೆರಿಕದ ಅಧ್ಯಕ್ಷರು ಅದನ್ನು ಪತ್ರಿಕೆಯವರಿಗೆ ಸಾರಿ ವಿಮಾನ ಹತ್ತಿದರು. ಮಹಾಸಭೆ ಅದನ್ನು ಕೈಗೆತ್ತಿಕೊಂಡದ್ದು ಬೆಳಗಿನ ಜಾವ ಸುಮಾರು ಮೂರು ಗಂಟೆಗೆ. ಯೋಚಿಸಲು ಒಂದು ಗಂಟೆ ಕೊಡುತ್ತೇನೆಂದು ಅಧ್ಯಕ್ಷಪೀಠದಿಂದ ಅಪ್ಪಣೆಯಾಯಿತು. ಪರೀಕ್ಷೆಯಲ್ಲಿ ಹುಡುಗರಿಗೆ ಪ್ರಶ್ನೆಪತ್ರಿಕೆ ಕೊಡುವಾಗಲೂ ನಾವು ಇದಕ್ಕಿಂತ ಉದಾರರು!

ತುವಾಲುವಿನ ಪರವಾಗಿ ಮಾತನಾಡಿದ ಇಯಾನ್ ಫ್ರೈ, ಬೈಬಲ್ಲಿನ ಮೂವತ್ತು ಬೆಳ್ಳಿಕಾಸಿನ ಕಥೆಯನ್ನು ನೆನಪಿಸಿ, ನಮ್ಮ ಭವಿಷ್ಯ ಮಾರಾಟಕ್ಕಿಲ್ಲವೆಂದರು. ವೆನಿಜುವೇಲದ ಪ್ರತಿನಿಧಿ ಕ್ಲಾಡಿಯಾ ಸಲೆರ್ನೊ ಮಾತನಾಡಲು ಅವಕಾಶ ಕೋರಿ ಮೇಜು ಬಡಿದು ಬಡಿದು ಕೈಯಲ್ಲಿ ರಕ್ತ ಬಂತು. ಆ ಕೈಯನ್ನೇ ಎತ್ತಿ ತೋರಿಸಿದರು. ಬೆಳಗಾದ ಮೇಲೆ ಸಭೆ ಆ ಪತ್ರವನ್ನು ‘ಅಂಗೀಕರಿಸಿತು’ ಎನ್ನಲಾರದೆ ‘ಗಮನಕ್ಕೆ ತಂದುಕೊಂಡಿತು’ ಎಂದು ಬರೆದುಕೊಂಡು ಎದ್ದಿತು.

ಬಾಗಿಲ ಸಾಲಿನಿಂದಲೇ ಒಪ್ಪಂದ ಮುರಿಯಿತೆಂದರೆ ಅತಿಶಯೋಕ್ತಿಯಾದೀತು. ದೊಡ್ಡವರ ನಡುವಣ ಜಗಳ ಬೇರೆಯೇ ಇತ್ತು. ಆದರೂ ಏರ್ಪಾಡಿನಿಂದ ಏನೂ ಆಗದೆನ್ನುವವರು 2015ರ ಪ್ಯಾರಿಸ್ಸನ್ನು ನೋಡಬೇಕು. ಅಲ್ಲಿ ಫ್ರೆಂಚರು ನಾಯಕರನ್ನು ಕೊನೆಗಲ್ಲ, ಮೊದಲ ದಿನವೇ, ನವೆಂಬರ್ 30ರಂದೇ, ಕರೆಸಿ ಮಾತಾಡಿಸಿ ಕಳಿಸಿಬಿಟ್ಟರು. ಕೆಲಸದವರಿಗೆ ಎರಡು ವಾರ ಕೆಲಸ ಮಾಡಲು ಬಿಟ್ಟರು. ಡಿಸೆಂಬರ್ 12ರಂದು ಒಪ್ಪಂದ ಅಂಗೀಕಾರವಾಯಿತು. ಕಡೆಯ ಗಳಿಗೆಯಲ್ಲಿ ‘ಮಾಡತಕ್ಕದ್ದು’ ಎಂಬರ್ಥದ ಒಂದು ಶಬ್ದವನ್ನು ‘ಮಾಡುವುದು ಉಚಿತ’ ಎಂಬರ್ಥಕ್ಕೆ ತಿದ್ದಿದರೆಂಬುದು ಬೇರೆ ಮಾತು. ವಿಧ್ಯರ್ಥದ ವಿಷಯದಲ್ಲಿ ಎಲ್ಲ ದೇಶದವರೂ ಜಾಗರೂಕರು.

ಪಾಠ ಕಲಿತರೆಂದುಕೊಳ್ಳುವಷ್ಟರಲ್ಲಿ 2021ರ ನವೆಂಬರ್ 1ರಂದು ಗ್ಲಾಸ್ಗೋ ನಗರದಲ್ಲಿ ಇದೇ ಸಮ್ಮೇಳನದ ಬಾಗಿಲಿಗೆ ಇಸ್ರೇಲಿನ ಇಂಧನ ಸಚಿವೆ ಕರೀನ್ ಎಲ್ಹರಾರ್ ಗಾಲಿಕುರ್ಚಿಯಲ್ಲಿ ಬಂದರು. ಅವರ ಕುರ್ಚಿ ಒಳಹೋಗುವ ದಾರಿ ಸಿಗಲಿಲ್ಲ. ಸುಮಾರು ಎರಡು ಗಂಟೆ ಕಾದು, ಎಡಿನ್‌ಬರೋದ ತಮ್ಮ ಹೋಟೆಲಿಗೆ ಹಿಂದಿರುಗಿದರು. ಮರುದಿನ ಬ್ರಿಟನ್ನಿನ ಪ್ರಧಾನಿಯೇ ಕ್ಷಮೆ ಕೇಳಿದರು; ಆಕೆ ಒಳಗೆ ಬಂದರು. ಆಕೆ ಸಚಿವೆ.