ವ್ಯಾಯಾಮಪೂರ್ವ ಪುಡಿ: ಡಬ್ಬಿಯ ಮೇಲಿನ ಬರಹವನ್ನು ಓದುವ ಬಗೆ

ಭಾರತದ ಔಷಧೋದ್ಯಮದ ಇತಿಹಾಸದಲ್ಲಿ ಪಿಂಪ್ರಿಯ ಹೆಸರು ಮೊದಲ ಪುಟಗಳಲ್ಲಿಯೇ ಬರುತ್ತದೆ. ಸಾರ್ವಜನಿಕ ರಂಗದ ಮೊದಲ ಔಷಧ ತಯಾರಿಕಾ ಸಂಸ್ಥೆಯಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ 1954ರಲ್ಲಿ ಇಲ್ಲಿ ಸ್ಥಾಪಿತವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನೊಂದಿಗೆ 1955ರಲ್ಲಿ ಪೆನಿಸಿಲಿನ್ ಉತ್ಪಾದನೆ ಆರಂಭವಾಯಿತು. ಇದೇ ಸಂಸ್ಥೆಯ ಪ್ರಯೋಗಾಲಯದಲ್ಲಿ ಶಿಲೀಂಧ್ರ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಅವರು ಶಿಲೀಂಧ್ರ ರೋಗಗಳಿಗೆ ಮದ್ದಾದ ಹ್ಯಾಮೈಸಿನ್ ಅನ್ನು ಕಂಡುಹಿಡಿದರು. ಆ ಹೆಸರಿನ ಮೊದಲ ಅಕ್ಷರಗಳು ಸಂಸ್ಥೆಯ ಹೆಸರಿನಿಂದಲೇ ಬಂದವು. ಪಿಂಪ್ರಿಯಿಂದ ಹೊರಟ ಪೆನಿಸಿಲಿನ್ ಸೀಸೆಯ ಮೇಲೆ ಒಳಗಿರುವ ವಸ್ತು ಯಾವುದು, ಎಷ್ಟು ಯೂನಿಟ್ ಇದೆ, ಯಾವ ಬ್ಯಾಚಿನದು, ಯಾವ ದಿನಾಂಕದವರೆಗೆ ಬಳಸಬಹುದು ಎಂಬ ವಿವರಗಳು ಇರಲೇಬೇಕಾಗಿತ್ತು. ಅಂಥ ವಿವರವಿಲ್ಲದ ಸೀಸೆಯನ್ನು ಯಾವ ವೈದ್ಯರೂ ಮುಟ್ಟುತ್ತಿರಲಿಲ್ಲ.

ಅದೇ ಪಿಂಪ್ರಿ-ಚಿಂಚವಾಡದಲ್ಲಿ ಇಂದು ಬಡಾವಣೆಗೊಂದರಂತೆ ಜಿಮ್‌ಗಳಿವೆ. ಆಕುರ್ಡಿ, ಭೋಸರಿ, ನಿಗಡಿ ಕಡೆಯ ಕಾರ್ಖಾನೆಗಳಿಗೆ ವಿಜಯಪುರ, ಕಲಬುರಗಿ, ಬೆಳಗಾವಿ ಜಿಲ್ಲೆಗಳಿಂದ ಬಂದು ನೆಲೆಸಿದ ಕನ್ನಡಿಗರ ಮಕ್ಕಳೂ ಪಾಳಿ ಮುಗಿಸಿ ಅಲ್ಲಿಗೆ ಹೋಗುತ್ತಾರೆ. ತಂದೆಯ ಕಾಲದಲ್ಲಿ ಗರಡಿಮನೆ ಅಥವಾ ತಾಲೀಮಿನ ಪೈಲ್ವಾನರಿಗೆ ಹಾಲು, ಬಾದಾಮಿ, ತುಪ್ಪ ಇದ್ದರೆ ಸಾಕಾಗಿತ್ತು. ಈಗ ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನೀರಿನಲ್ಲಿ ಕದಡಿ ಕುಡಿಯುವ ಬಣ್ಣದ ಪುಡಿಯೊಂದು ಬಂದಿದೆ. ಇದನ್ನು ಪ್ರೀ-ವರ್ಕೌಟ್, ಅಂದರೆ ವ್ಯಾಯಾಮಪೂರ್ವ ಪೂರಕ ಎಂದು ಕರೆಯುತ್ತಾರೆ. ಸಾವಿರಾರು ರೂಪಾಯಿ ತೆತ್ತು ಕೊಳ್ಳುವ ಈ ಡಬ್ಬಿಯ ಮುಂಭಾಗವನ್ನು ಓದುವವರು ಬಹಳ. ಹಿಂಭಾಗದ ಸಣ್ಣ ಅಕ್ಷರಗಳನ್ನು ಓದುವವರು ವಿರಳ. ಓದಬೇಕಾದದ್ದು ಮಾತ್ರ ಹಿಂಭಾಗವನ್ನೇ.

ಈ ಪುಡಿಗಳಲ್ಲಿ ಕೂಡಲೇ ಅನುಭವಕ್ಕೆ ಬರುವ ಶಕ್ತಿಯ ಹೆಚ್ಚಿನ ಭಾಗ ಕೆಫೀನ್‌ನದು. ಅದು ಕಾಫಿಯಲ್ಲಿರುವ ಕೆಫೀನೇ ಹೊರತು ಬೇರೆಯದಲ್ಲ. ದಣಿವಿನ ಸಂದೇಶ ಸಾರುವ ಅಡೆನೊಸಿನ್ ಎಂಬ ವಸ್ತುವಿಗೆ ಮೆದುಳಿನಲ್ಲಿ ಇರುವ ಸ್ಥಾನವನ್ನು ಕೆಫೀನ್ ಆಕ್ರಮಿಸಿಕೊಳ್ಳುತ್ತದೆ. ದಣಿವು ಇದ್ದರೂ ಅದರ ಅರಿವು ತಗ್ಗುತ್ತದೆ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 3ರಿಂದ 6 ಮಿಲಿಗ್ರಾಂನಷ್ಟು ಕೆಫೀನ್ ಕ್ರೀಡಾ ಸಾಮರ್ಥ್ಯವನ್ನು ಒಂದಿಷ್ಟು ಹೆಚ್ಚಿಸುತ್ತದೆಂಬುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. 60 ಕಿಲೋ ತೂಕದವನಿಗೆ ಇದರ ಕೆಳಗಿನ ಮಿತಿ 180 ಮಿಲಿಗ್ರಾಂ, ಎಂದರೆ ಸುಮಾರು ಎರಡು ಲೋಟ ಗಟ್ಟಿ ಫಿಲ್ಟರ್ ಕಾಫಿ. ಆರೋಗ್ಯವಂತ ವಯಸ್ಕರಿಗೆ ಒಮ್ಮೆಗೆ 200 ಮಿಲಿಗ್ರಾಂ, ದಿನಕ್ಕೆ ಒಟ್ಟು 400 ಮಿಲಿಗ್ರಾಂವರೆಗೆ ಆತಂಕವಿಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅಭಿಪ್ರಾಯಪಟ್ಟಿತು. ಮಾರುಕಟ್ಟೆಯ ಕೆಲವು ಪುಡಿಗಳ ಒಂದೇ ಅಳತೆಯಲ್ಲಿ 300 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಕೆಫೀನ್ ಇರುತ್ತದೆ. ಅದೇ ದಿನ ಕುಡಿದ ಕಾಫಿ, ಚಹಾ, ಎನರ್ಜಿ ಪಾನೀಯಗಳು ಈ ಲೆಕ್ಕಕ್ಕೆ ಸೇರಲೇಬೇಕು. ಗುವರಾನಾ ಬೀಜದ ಸಾರ, ಹಸಿರು ಚಹಾದ ಸಾರ ಎಂದು ಬರೆದಿದ್ದರೆ ಅವುಗಳಲ್ಲಿಯೂ ಕೆಫೀನ್ ಉಂಟೆಂಬುದನ್ನು ಮರೆಯಲಾಗದು.

ಪಾಳಿಯಲ್ಲಿ ದುಡಿಯುವವರಿಗೆ ಇನ್ನೊಂದು ಲೆಕ್ಕವಿದೆ. ಸೇವಿಸಿದ ಕೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು 5 ಗಂಟೆ ಹಿಡಿಯುತ್ತದೆ. ಈ ಅವಧಿ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದೂ ಉಂಟು. ಸಂಜೆ 7 ಗಂಟೆಗೆ 300 ಮಿಲಿಗ್ರಾಂ ಸೇವಿಸಿದವನ ರಕ್ತದಲ್ಲಿ ನಡುರಾತ್ರಿಯಲ್ಲಿಯೂ 150 ಮಿಲಿಗ್ರಾಮಿನ ಪ್ರಭಾವ ಉಳಿದಿರುತ್ತದೆ. ಒಂದೂವರೆ ಲೋಟ ಕಾಫಿ ಕುಡಿದು ಹಾಸಿಗೆ ಸೇರಿದಂತೆಯೇ ಸರಿ. ಮರುದಿನ ಬೆಳಗಿನ ಪಾಳಿಗೆ ಎದ್ದು ಪ್ರೆಸ್ ಯಂತ್ರದ ಮುಂದೆ ನಿಲ್ಲುವವನ ಕಣ್ಣಿಗೆ ನಿದ್ದೆ ಕಡಿಮೆಯಾದರೆ ಅಪಾಯ ಜಿಮ್‌ನಲ್ಲಲ್ಲ, ಕಾರ್ಖಾನೆಯಲ್ಲಿ. ನಿದ್ದೆಗೆಟ್ಟ ದಣಿವನ್ನು ನೀಗಲು ಸಂಜೆ ಮತ್ತೆ ಅದೇ ಪುಡಿ.

ಪುಡಿಯನ್ನು ನೀರಿಲ್ಲದೆ ಬಾಯಿಗೆ ಸುರಿದುಕೊಳ್ಳುವ ಹೊಸ ಚಾಳಿಯೊಂದು ಯುವಕರಲ್ಲಿ ಹಬ್ಬಿದೆ. ಒಣ ಪುಡಿ ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟುವ ಸಂಭವದ ಜೊತೆಗೆ, ಇಡೀ ಪ್ರಮಾಣ ಒಮ್ಮೆಲೇ ಒಳಸೇರುವ ತೊಂದರೆಯೂ ಇದರಲ್ಲಿದೆ. ಶುದ್ಧ ಕೆಫೀನ್ ಪುಡಿಯನ್ನು ಬಿಡಿಯಾಗಿ ಕೊಂಡು ಬೆರೆಸಿಕೊಳ್ಳುವುದಂತೂ ಪ್ರಾಣದೊಡನೆ ಆಟ. ಅಂಥ ಪುಡಿಯ ಒಂದು ಟೀ ಚಮಚ ಸುಮಾರು 28 ಕಪ್ ಕಾಫಿಗೆ ಸಮನೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿದೆ.

ಪುಡಿ ಕುಡಿದ ಕೆಲವೇ ನಿಮಿಷಗಳಲ್ಲಿ ಮುಖ, ಕಿವಿ, ಕೈಗಳಲ್ಲಿ ಇರುವೆ ಹರಿದಂತೆ ಜುಮುಗುಟ್ಟುವ ಅನುಭವವನ್ನು ಅನೇಕರು ಹೇಳುತ್ತಾರೆ. ಮಾಲು ಅಸಲಿ, ಕೆಲಸ ಶುರುಮಾಡಿದೆ ಎಂಬ ಭರವಸೆಯನ್ನು ಮಾರಾಟಗಾರನೂ ಕೊಡುತ್ತಾನೆ. ಇದರ ಕಾರಣ ಬೀಟಾ-ಅಲನೈನ್ ಎಂಬ ಅಮೈನೋ ಆಮ್ಲ. ಒಮ್ಮೆಗೆ ಸುಮಾರು 800 ಮಿಲಿಗ್ರಾಂ ದಾಟಿದರೆ ಅದು ಚರ್ಮದ ನರತುದಿಗಳನ್ನು ಕೆರಳಿಸುತ್ತದೆ. ಇದರಿಂದ ಹಾನಿಯಿಲ್ಲ, ಆದರೆ ಆ ಹೊತ್ತಿನ ಬಲಕ್ಕೂ ಇದಕ್ಕೂ ಸಂಬಂಧವಿಲ್ಲ. ಬೀಟಾ-ಅಲನೈನ್ ಸ್ನಾಯುವಿನಲ್ಲಿ ಕಾರ್ನೊಸಿನ್ ಎಂಬ ವಸ್ತುವಿನ ಸಂಗ್ರಹವನ್ನು ಬೆಳೆಸಿ ತನ್ಮೂಲಕ ಆಮ್ಲೀಯತೆಯನ್ನು ತಗ್ಗಿಸುತ್ತದೆ. ಆ ಸಂಗ್ರಹ ಬೆಳೆಯಲು ದಿನಕ್ಕೆ 4ರಿಂದ 6 ಗ್ರಾಂನಂತೆ ವಾರಗಟ್ಟಲೆ ಸೇವಿಸಬೇಕು. ಫಲ ಕಾಣುವುದು ಮುಖ್ಯವಾಗಿ ಒಂದರಿಂದ ನಾಲ್ಕು ನಿಮಿಷದ ಬಿರುಸಿನ ಶ್ರಮದಲ್ಲಿ. ಅರ್ಧ ಗಂಟೆ ಮೊದಲು ಕುಡಿದು ಅಂದೇ ಲಾಭ ಬಯಸುವವನಿಗೆ ದೊರೆಯುವುದು ಜುಮುಗುಟ್ಟುವಿಕೆ ಮಾತ್ರ.

ಕ್ರಿಯಾಟಿನ್ ವಿಷಯವೂ ಹಾಗೆಯೇ. ಪೂರಕಗಳಲ್ಲಿ ಅತ್ಯಂತ ಹೆಚ್ಚು ಪರೀಕ್ಷೆಗೊಳಗಾಗಿ ಉಪಯುಕ್ತವೆಂದು ತೇರ್ಗಡೆಯಾದದ್ದು ಅದು. ದಿನಕ್ಕೆ 3ರಿಂದ 5 ಗ್ರಾಂ ಸಾಕು, ಯಾವ ಹೊತ್ತಿನಲ್ಲಾದರೂ ಸರಿ. ಅದಕ್ಕಾಗಿ ದುಬಾರಿ ಮಿಶ್ರಣವನ್ನು ಕೊಳ್ಳುವ ಅಗತ್ಯ ಕಾಣದು. ಸಿಟ್ರುಲಿನ್ ಎಂಬುದು ಕಲ್ಲಂಗಡಿ ಹಣ್ಣಿನಲ್ಲಿ ಮೊದಲು ಗುರುತಿಸಲ್ಪಟ್ಟ ಅಮೈನೋ ಆಮ್ಲ. ದೇಹದಲ್ಲಿ ಅದು ಆರ್ಜಿನೈನ್ ಆಗಿ, ಅದರಿಂದ ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯಾಗುತ್ತದೆ. ಪ್ರಯೋಗಗಳಲ್ಲಿ ಬಳಸಿದ ಸಿಟ್ರುಲಿನ್ ಮಾಲೇಟ್‌ನ ಪ್ರಮಾಣ ಹೆಚ್ಚಾಗಿ 6ರಿಂದ 8 ಗ್ರಾಂ. ಫಲಿತಾಂಶಗಳು ಒಂದೇ ತೆರನಾಗಿಲ್ಲ. ಟಾರಿನ್, ಟೈರೊಸಿನ್, ಹತ್ತಾರು ಸಸ್ಯಸಾರಗಳು ಪಟ್ಟಿಯ ಉದ್ದವನ್ನು ಬೆಳೆಸುವಷ್ಟು ಬಲವನ್ನು ಬೆಳೆಸುತ್ತವೆಂದು ಹೇಳಲಾಗದು.

ಇಲ್ಲಿಗೆ ಅಂಕಗಣಿತದ ಅಗತ್ಯ ಬರುತ್ತದೆ. 6 ಗ್ರಾಂ ಸಿಟ್ರುಲಿನ್ ಮಾಲೇಟ್, 4 ಗ್ರಾಂ ಬೀಟಾ-ಅಲನೈನ್, 3 ಗ್ರಾಂ ಕ್ರಿಯಾಟಿನ್ ಸೇರಿದರೆ 13 ಗ್ರಾಂ ಆಯಿತು. ಡಬ್ಬಿಯೊಳಗಿನ ಅಳತೆಯ ಚಮಚ ಹಿಡಿಯುವುದೇ 7 ಗ್ರಾಂ, ಅದರಲ್ಲಿ ರುಚಿ, ಬಣ್ಣ, ಸಿಹಿಕಾರಕಗಳ ಪಾಲೂ ಇದೆ ಎಂದಾದರೆ, ಮುಂಭಾಗದಲ್ಲಿ ಹೆಸರಿಸಿದ ವಸ್ತುಗಳೆಲ್ಲ ಫಲಕೊಡುವ ಪ್ರಮಾಣದಲ್ಲಿ ಇರಲು ಸಾಧ್ಯವೇ ಇಲ್ಲ. ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ಕಾಗದ ಪೆನ್ಸಿಲ್ ಸಾಕು. ಈ ಲೆಕ್ಕವನ್ನು ತಪ್ಪಿಸಲೆಂದೇ ಕೆಲವು ತಯಾರಕರು, ವಿಶೇಷವಾಗಿ ಹೊರದೇಶದ ಡಬ್ಬಿಗಳಲ್ಲಿ, ಹತ್ತು ವಸ್ತುಗಳನ್ನು 'ಪ್ರೊಪ್ರೈಟರಿ ಬ್ಲೆಂಡ್' ಎಂಬ ಒಂದೇ ತಲೆಬರಹದಡಿ ಸೇರಿಸಿ ಒಟ್ಟು ತೂಕವನ್ನಷ್ಟೇ ನಮೂದಿಸುತ್ತಾರೆ. ಅದು ವ್ಯಾಪಾರ ರಹಸ್ಯವೆಂಬ ಸಮಜಾಯಿಷಿ ಇದೆ. ಕೆಫೀನ್ ಎಷ್ಟೆಂಬುದು ರಹಸ್ಯವಾಗಿರುವ ಪುಡಿಯನ್ನು ಕುಡಿಯುವವನ ಹೃದಯಕ್ಕೆ ಆ ರಹಸ್ಯದಿಂದ ಯಾವ ಪ್ರಯೋಜನವೂ ಇಲ್ಲ.

ಬರೆದದ್ದರ ಪ್ರಮಾಣ ತಿಳಿಯದಿರುವುದು ಒಂದು ತೊಂದರೆ. ಒಳಗಿರುವುದನ್ನು ಬರೆಯದೇ ಇರುವುದು ಅದಕ್ಕಿಂತ ಘೋರ. ಮೂಗುಕಟ್ಟುವಿಕೆಗೆ ಮದ್ದಾಗಿ 1940ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಮೀಥೈಲ್‌ಹೆಕ್ಸಾನಮೀನ್ ಎಂಬ ಉತ್ತೇಜಕ, ದಶಕಗಳ ಬಳಿಕ ಜೆರೇನಿಯಂ ಗಿಡದ ಸಾರವೆಂಬ ಸೌಮ್ಯ ಹೆಸರಿನಲ್ಲಿ ವ್ಯಾಯಾಮಪೂರ್ವ ಪುಡಿಗಳನ್ನು ಸೇರಿತು. ರಕ್ತನಾಳಗಳನ್ನು ಸಂಕುಚಿತಗೊಳಿಸಿ ರಕ್ತದೊತ್ತಡವನ್ನು ಏರಿಸುವ ವಸ್ತುವಿದು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುನ್ನ ಭಾರತದ ಹಲವು ಕ್ರೀಡಾಪಟುಗಳ ಮೂತ್ರದಲ್ಲಿ ಇದು ಪತ್ತೆಯಾಗಿ ದೊಡ್ಡ ಸುದ್ದಿಯಾಯಿತು.

ಮರುವರ್ಷದ ಘಟನೆ ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕೂಟದ ರಿಲೇ ಓಟದಲ್ಲಿ, ಅನಂತರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್ ಮತ್ತು ರಿಲೇಗಳಲ್ಲಿ ಚಿನ್ನ ಗಳಿಸಿ ನಾಡಿನ ಮನೆಮಾತಾಗಿದ್ದರು. 2011ರಲ್ಲಿ ಅವರೂ ಸೇರಿದಂತೆ ಮಹಿಳಾ ಓಟಗಾರ್ತಿಯರ ಪರೀಕ್ಷೆಯಲ್ಲಿ ನಿಷೇಧಿತ ಸ್ಟೀರಾಯ್ಡ್ ಕಂಡುಬಂದಿತು. ಚೀನಾದಲ್ಲಿ ಕೊಂಡು ತರಬೇತುದಾರರು ನೀಡಿದ ಜಿನ್‌ಸೆಂಗ್ ಪೂರಕವೇ ಇದರ ಮೂಲವೆಂಬುದು ಓಟಗಾರ್ತಿಯರ ಹೇಳಿಕೆಯಾಗಿತ್ತು. ದೇಶದೊಳಗಿನ ಶಿಸ್ತುಮಂಡಳಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಅವರ ಕೈತಪ್ಪಿತು. ದೇಹದಲ್ಲಿ ಸಿಕ್ಕ ವಸ್ತುವಿಗೆ ಕ್ರೀಡಾಪಟುವೇ ಹೊಣೆ ಎಂಬುದು ಉದ್ದೀಪನ ವಿರೋಧಿ ನಿಯಮದ ಬುನಾದಿ. ಯಾರು ಕೊಟ್ಟರೆಂಬುದು ಶಿಕ್ಷೆಯನ್ನು ತಗ್ಗಿಸಬಹುದೇ ವಿನಾ ಹೊಣೆಯನ್ನು ಅಳಿಸದು. ಬಾಲೆವಾಡಿಯ ಕ್ರೀಡಾ ಸಂಕೀರ್ಣದಲ್ಲಿ ಓಡುವ, ಭೋಸರಿಯ ತಾಲೀಮುಗಳಲ್ಲಿ ಕುಸ್ತಿ ಕಲಿಯುವ ಎಳೆಯರ ಪಾಲಕರು ಇದನ್ನು ಮೊದಲೇ ತಿಳಿದಿರಬೇಕು.

ಪುಡಿಯ ಚುರುಕು ಸಾಲದೆನಿಸಿದವರಿಗೆ ಕೆಲವೆಡೆ ಸೂಜಿಮದ್ದನ್ನೂ ಒದಗಿಸುವ ಜಾಲ ಬೆಳೆದಿದೆ. ಶಸ್ತ್ರಚಿಕಿತ್ಸೆಗಾಗಿ ಬೆನ್ನಿಗೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಕುಸಿದರೆ ಅದನ್ನು ಏರಿಸಲು ವೈದ್ಯರು ಬಳಸುವ ಮೆಫೆಂಟರ್ಮಿನ್ ಎಂಬ ಔಷಧವನ್ನು ಜಿಮ್‌ಗೆ ಹೋಗುವ ಯುವಕರಿಗೆ ಅಕ್ರಮವಾಗಿ ಮಾರುತ್ತಿದ್ದವರನ್ನು ಪುಣೆ ಮತ್ತು ಪಿಂಪ್ರಿ-ಚಿಂಚವಾಡದ ಪೊಲೀಸರು ಇತ್ತೀಚಿನ ವರ್ಷಗಳಲ್ಲಿ ಬಂಧಿಸಿದ್ದಾರೆ. ಆಸ್ಪತ್ರೆಯಲ್ಲಿ ಮಾನಿಟರ್ ನೋಡುತ್ತಾ, ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವ ಔಷಧವಿದು. ಸಹಜ ರಕ್ತದೊತ್ತಡದವನು ಭಾರ ಎತ್ತುವ ಮುನ್ನ ಇದನ್ನು ಚುಚ್ಚಿಕೊಂಡರೆ, ಶ್ರಮದಿಂದಲೇ ಏರಲಿರುವ ಒತ್ತಡದ ಮೇಲೆ ಇನ್ನೊಂದು ಏರಿಕೆಯನ್ನು ಹೇರಿದಂತಾಗುತ್ತದೆ. ಹೃದಯದ ಬಡಿತ ತಾಳತಪ್ಪಬಹುದು. ಚಟವಾಗಿ ಅಂಟಿಕೊಂಡು ಮನೋವಿಕಾರಕ್ಕೆ ಎಡೆಯಾದ ನಿದರ್ಶನಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ಪೂರಕಗಳ ಕುರಿತು ಕಾನೂನು ಮೌನವಾಗಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದ ಅಡಿಯಲ್ಲಿ ಆರೋಗ್ಯ ಪೂರಕಗಳಿಗೆಂದೇ 2016ರಲ್ಲಿ ನಿಯಮಾವಳಿ ಪ್ರಕಟವಾಗಿ 2018ರ ಜನವರಿ 1ರಿಂದ ಜಾರಿಗೆ ಬಂದಿತು. ಅದರಂತೆ ಡಬ್ಬಿಯ ಮೇಲೆ ಆರೋಗ್ಯ ಪೂರಕವೆಂಬ ಉಲ್ಲೇಖ, ಔಷಧವಾಗಿ ಬಳಸತಕ್ಕದ್ದಲ್ಲವೆಂಬ ಸೂಚನೆ, ಪೋಷಕಾಂಶಗಳ ಪ್ರಮಾಣ, ದಿನದ ಬಳಕೆಯ ಮಿತಿ, ಎಚ್ಚರಿಕೆಗಳು ಇರಬೇಕು. 14 ಅಂಕಿಗಳ ಪರವಾನಗಿ ಸಂಖ್ಯೆ ಕಾಣಬೇಕು. ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕಾದ್ದರಿಂದ, ದೊಡ್ಡದಾಗಿ ಜಾಹೀರಾದ ವಸ್ತು ಬಣ್ಣ, ರುಚಿಗಳ ನಂತರ ಪಟ್ಟಿಯ ಕೊನೆಯಲ್ಲಿ ಕಂಡರೆ ಅದರ ಪಾಲು ಅತ್ಯಲ್ಪವೆಂದು ತಿಳಿಯಬಹುದು. ಬಿಲ್ಲು ಕೊಡದ ಅಂಗಡಿ, ಆಮದುದಾರರ ಹೆಸರಿಲ್ಲದ ವಿದೇಶಿ ಡಬ್ಬಿ, ಮುಚ್ಚಳದೊಳಗಿನ ಮುದ್ರೆ ಕಿತ್ತ ಡಬ್ಬಿ ಇವುಗಳಿಂದ ದೂರವಿರುವುದು ಲೇಸು.

ಅಧಿಕ ರಕ್ತದೊತ್ತಡ, ಹೃದಯದ ತೊಂದರೆ ಉಳ್ಳವರು, ಗರ್ಭಿಣಿಯರು, ಹದಿನೆಂಟು ತುಂಬದವರು ಇಂಥ ಪುಡಿಗಳನ್ನು ಸೇವಿಸಬಾರದು. ನಿತ್ಯ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಉಳಿದವರಲ್ಲಿಯೂ ಎದೆನೋವು, ಬಡಿತದ ಏರುಪೇರು, ತಲೆಸುತ್ತು ಕಂಡರೆ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಡಬ್ಬಿಯನ್ನೂ ಜೊತೆಗೊಯ್ದರೆ ವೈದ್ಯರ ಅರ್ಧ ಪ್ರಶ್ನೆಗಳಿಗೆ ಅದು ಉತ್ತರ ಕೊಡುತ್ತದೆ. ದಿನವೂ ಒಂದು ಗಂಟೆ ಭಾರ ಎತ್ತುವ ಸಾಮಾನ್ಯ ದೇಹಾರೋಗ್ಯದ ತರುಣನಿಗೆ ಒಂದು ಬಾಳೆಹಣ್ಣು, ಬೇಕೆನಿಸಿದರೆ ಒಂದು ಲೋಟ ಕಾಫಿ, ಸಾಕಷ್ಟು ನೀರು ಇಷ್ಟೇ ಮುನ್ಸಿದ್ಧತೆ ಸಾಕಾಗುತ್ತದೆ.

ಕೊಂಡ ಪುಡಿಯ ಮೇಲೆ ಸಂಶಯ ಬಂದರೆ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತಕ್ಕೆ ದೂರು ನೀಡಬಹುದು; ಆಗ ಬಿಲ್ಲು, ಬ್ಯಾಚ್ ಸಂಖ್ಯೆ, ಉಳಿದ ಪುಡಿ ಕೈಯಲ್ಲಿರಬೇಕು. ಅಧಿಕಾರಿಗಳಷ್ಟೇ ಅಲ್ಲ, ಅಧಿನಿಯಮದ 40ನೆಯ ಪ್ರಕರಣದಂತೆ ಖರೀದಿದಾರನೂ ನಿಗದಿತ ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪದಾರ್ಥವನ್ನು ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಆದರೆ ಹಾಗೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಿರಬೇಕು. ಪದಾರ್ಥವು ಕಾನೂನಿಗೆ ವಿರುದ್ಧವಾಗಿದೆಯೆಂದು ವರದಿ ಬಂದರೆ ಕಟ್ಟಿದ ಶುಲ್ಕ ಹಿಂದಿರುಗುತ್ತದೆ.