ಎಣ್ಣೆಗಾಯಿ ಮತ್ತು ಗೃಹಿಣಿಯ ಪಾಲು

(ಹಂಪಸಾಗರದ ದಂಪತಿಗಳಿಗಾಗಿ ನೀಡಿದ ಉಪನ್ಯಾಸ)



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ಸಂಖ್ಯೆಯ ಮಾತೇ ಬರುವುದೆಂದು ಅನೇಕರು ಭಾವಿಸುತ್ತಾರೆ. ಮಿತ ಸಂತಾನವೂ, ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಸಾಕಷ್ಟು ಅಂತರವೂ ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಯಲ್ಲಿರುವ ಪ್ರತಿಯೊಬ್ಬರಿಗೂ ತಕ್ಕಷ್ಟು ಆಹಾರ ದೊರೆಯುತ್ತಿದೆಯೇ ಎಂಬುದೂ ಕುಟುಂಬ ಕಲ್ಯಾಣದ ಪ್ರಶ್ನೆಯೇ ಆಗಿದೆ. ಆದುದರಿಂದ ಇಂದು ನಿಮಗೆಲ್ಲ ಚಿರಪರಿಚಿತವಾದ ಒಂದು ಅಡಿಗೆಯನ್ನು ಕುರಿತು ಮಾತನಾಡಬಯಸುತ್ತೇನೆ. ಅದು ಬದನೆಕಾಯಿಯ ಎಣ್ಣೆಗಾಯಿ.

ಹೂರಣ ತುಂಬಿದ ಅಡಿಗೆಯನ್ನು ಮನೆಮಂದಿಯೆಲ್ಲ ಕೂಡಿ ಉಣ್ಣುವ ಪದ್ಧತಿ ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರದಂದು ಟರ್ಕಿ ಕೋಳಿಯನ್ನು ಬೇಯಿಸಿ, ದೂರದ ಊರುಗಳಿಂದ ಬಂದ ಮಕ್ಕಳು ಮೊಮ್ಮಕ್ಕಳೊಡನೆ ಒಂದೇ ಮೇಜಿನ ಸುತ್ತ ಕುಳಿತು ಉಣ್ಣುತ್ತಾರೆ. ಉತ್ತರ ಕರ್ನಾಟಕದ ಕಡೆ ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ರೊಟ್ಟಿ ಎಣ್ಣೆಗಾಯಿಗಳ ಬುತ್ತಿ ಬಿಚ್ಚಿ, ಗಂಡಸರು ಹೆಂಗಸರು ಎಲ್ಲರೂ ಕೂಡಿ ಉಣ್ಣುತ್ತಾರೆ. ಆ ಒಂದು ದಿನದ ಪದ್ಧತಿ ಉಳಿದ ದಿನಗಳಲ್ಲಿಯೂ ಏಕೆ ಇರಬಾರದು?

ನಿತ್ಯದ ಊಟ ಹೇಗೆ ನಡೆಯುತ್ತದೆಂಬುದನ್ನು ನೀವೇ ಬಲ್ಲಿರಿ. ಮೊದಲು ಗಂಡಸರು, ಬಳಿಕ ಮಕ್ಕಳು, ಅನಂತರ ಅತ್ತೆಯವರು, ಕಡೆಗೆ ರೊಟ್ಟಿ ಬಡಿದ ಸೊಸೆ. ಅಷ್ಟು ಹೊತ್ತಿಗೆ ಗಡಿಗೆಯಲ್ಲಿ ಉಳಿದಿರುವುದು ತಿಳಿಸಾರು ಮತ್ತು ಒಂದೆರಡು ಆರಿದ ರೊಟ್ಟಿ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಇದರ ಪರಿಣಾಮ ಮಾತ್ರ ಸಣ್ಣದಲ್ಲ.

ಹೆಣ್ಣಿನ ದೇಹಕ್ಕೆ ಗಂಡಿಗಿಂತ ಹೆಚ್ಚು ಕಬ್ಬಿಣಾಂಶ ಬೇಕು. ಪ್ರತಿ ತಿಂಗಳ ಮುಟ್ಟಿನಲ್ಲಿ ರಕ್ತ ನಷ್ಟವಾಗುವುದೂ, ಬಸಿರು ಬಾಣಂತನಗಳೂ ಇದಕ್ಕೆ ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಮೇರೆಗೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು. ವಯಸ್ಕ ಸ್ತ್ರೀಗೆ 29 ಮಿಲಿಗ್ರಾಂ ಬೇಕು. ಹೆಚ್ಚು ಬೇಕಾದವಳು ಕಡೆಗೆ ಉಣ್ಣುತ್ತಾಳೆ, ಕಡಿಮೆ ಉಣ್ಣುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿತು. ಕರ್ನಾಟಕದಲ್ಲಿಯೂ ಸುಮಾರು ಅರ್ಧದಷ್ಟು ಸ್ತ್ರೀಯರು ಈ ಸ್ಥಿತಿಯಲ್ಲಿದ್ದರು.

ರಕ್ತಹೀನತೆಯುಳ್ಳವಳಿಗೆ ಸ್ವಲ್ಪ ಕೆಲಸಕ್ಕೇ ಆಯಾಸ, ಏದುಸಿರು, ತಲೆಸುತ್ತು ಬರುತ್ತವೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿರುತ್ತದೆ. ಬಸಿರಿನಲ್ಲಿ ಈ ದೋಷವಿದ್ದರೆ ಕೂಸು ಕಡಿಮೆ ತೂಕದ್ದಾಗಿ ಹುಟ್ಟಬಹುದು. ಹೆರಿಗೆಯಲ್ಲಿ ಇತರರು ತಾಳಿಕೊಳ್ಳುವಷ್ಟು ರಕ್ತಸ್ರಾವವನ್ನು ಇಂತಹ ತಾಯಿ ತಾಳಲಾರಳು; ಪ್ರಾಣಕ್ಕೇ ಅಪಾಯ ಒದಗಬಹುದು.

ಇನ್ನು ಅಡಿಗೆಯ ವಿಷಯ. ಅತ್ತೆ, ಮಾವ, ಗಂಡ, ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ ಆರು ಜನರ ಮನೆಯೆಂದು ಇಟ್ಟುಕೊಳ್ಳೋಣ. ಹನ್ನೆರಡು ಸಣ್ಣ ಎಳೆಯ ಬದನೆಕಾಯಿ ಬೇಕು. ಹೂರಣಕ್ಕೆ ಒಂದು ಬಟ್ಟಲು ಶೇಂಗಾ, ಅರ್ಧ ಬಟ್ಟಲು ಪುಟಾಣಿ, ಎರಡೆರಡು ಚಮಚ ಗುರೆಳ್ಳು ಮತ್ತು ಎಳ್ಳು, ಸ್ವಲ್ಪ ಒಣಕೊಬ್ಬರಿ, ಎರಡು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ರುಚಿಗೆ ತಕ್ಕಷ್ಟು ಖಾರದ ಪುಡಿ, ಅರಿಶಿನ ಮತ್ತು ಅಯೋಡಿನ್ ಸೇರಿದ ಉಪ್ಪು ಬೇಕು.

ಮೊದಲು ಶೇಂಗಾವನ್ನು ಬೆಳಕಿನಲ್ಲಿ ಆರಿಸಬೇಕು. ಬೂಷ್ಟು ಹಿಡಿದ, ಬಣ್ಣಗೆಟ್ಟ, ಸುಕ್ಕುಗಟ್ಟಿದ ಕಾಳುಗಳನ್ನು ಸಂಕೋಚವಿಲ್ಲದೆ ಎಸೆಯಿರಿ. ಅವುಗಳಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದ ಮಾತ್ರಕ್ಕೆ ಅದು ಪೂರ್ಣವಾಗಿ ನಾಶವಾಗುವುದಿಲ್ಲ. ಒಳ್ಳೆಯ ಕಾಳನ್ನು ಮಾರಿ, ಜೊಳ್ಳನ್ನು ಮನೆಗೆ ಉಳಿಸಿಕೊಳ್ಳುವ ರೈತರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಆರಿಸಿದ ಶೇಂಗಾ, ಗುರೆಳ್ಳು, ಎಳ್ಳು, ಕೊಬ್ಬರಿಗಳನ್ನು ಬೇರೆ ಬೇರೆಯಾಗಿ ಹುರಿದು, ಪುಟಾಣಿಯೊಡನೆ ತರಿತರಿಯಾಗಿ ಕುಟ್ಟಿರಿ. ಪುಟಾಣಿಯನ್ನು ಬಿಡಬಾರದು. ಜೋಳದ ಪ್ರೋಟೀನಿನಲ್ಲಿರುವ ಒಂದು ಕೊರತೆಯನ್ನು ಶೇಂಗಾ ಪೂರ್ತಿಯಾಗಿ ತುಂಬಲಾರದು. ಕಡಲೆ, ಹೆಸರು ಮೊದಲಾದ ಬೇಳೆಕಾಳುಗಳು ತುಂಬುತ್ತವೆ. ಈ ಪುಡಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಹುಣಸೆರಸ, ಬೆಲ್ಲ, ಖಾರ, ಅರಿಶಿನ, ಉಪ್ಪು ಸೇರಿಸಿ ಗಟ್ಟಿಯಾಗಿ ಕಲಸಿರಿ. ಒಂದು ಹಿಡಿ ನುಗ್ಗೆಸೊಪ್ಪನ್ನು ಹೆಚ್ಚಿ ಬೆರೆಸಿದರೆ ಇನ್ನೂ ಉತ್ತಮ.

ಬದನೆಕಾಯಿಯನ್ನು ತೊಟ್ಟು ಉಳಿಸಿಕೊಂಡು ಕೆಳಗಿನಿಂದ ನಾಲ್ಕು ಸೀಳಾಗಿ ಸೀಳಿ, ಹುಳುಕಿದೆಯೇ ಎಂದು ನೋಡಿ, ಉಪ್ಪುನೀರಿನಲ್ಲಿ ಹಾಕಿಡಿ. ಅನಂತರ ಹೂರಣವನ್ನು ತುಂಬಿ ಮೆಲ್ಲಗೆ ಒತ್ತಿರಿ. ಬಾಣಲೆಯಲ್ಲಿ ನಾಲ್ಕು ಚಮಚ ಎಣ್ಣೆ ಕಾಯಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಮಾಡಿ, ಕಾಯಿಗಳನ್ನು ಸಾಲಾಗಿ ಜೋಡಿಸಿ, ಉಳಿದ ಹೂರಣಕ್ಕೆ ನೀರು ಬೆರೆಸಿ ಮೇಲೆ ಸುರಿಯಿರಿ. ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಇಪ್ಪತ್ತು ನಿಮಿಷ ಬೇಯಿಸಬೇಕು. ನಡುವೆ ಒಮ್ಮೆ ಮಗುಚಬೇಕು. ಕಬ್ಬಿಣದ ಬಾಣಲೆಯಾದರೆ ಹುಳಿಯೊಡನೆ ಬೇಯುವಾಗ ಸ್ವಲ್ಪ ಕಬ್ಬಿಣವೂ ಆಹಾರಕ್ಕೆ ಸೇರುತ್ತದೆ. ಬೆಂದ ಕೂಡಲೇ ಬೇರೆ ಪಾತ್ರೆಗೆ ತೆಗೆದಿಡಿ.

ಈಗ ಮುಖ್ಯವಾದ ಮಾತು. ಸಾರನ್ನಾಗಲಿ ಪಲ್ಯವನ್ನಾಗಲಿ ಎಣಿಸಲಾಗದು. ಯಾರಿಗೆ ಎಷ್ಟು ಕಡಿಮೆ ಬಂದಿತೆಂಬುದು ತಿಳಿಯುವುದೇ ಇಲ್ಲ. ಎಣ್ಣೆಗಾಯಿಯನ್ನು ಎಣಿಸಬಹುದು. ಆರು ಜನರಿಗೆ ಹನ್ನೆರಡು ಕಾಯಿಗಳೆಂದರೆ ತಲೆಗೆ ಎರಡು. ಗಂಡನಾದವನು ಮೂರನೆಯದಕ್ಕೆ ಕೈ ಹಾಕುವ ಮುನ್ನ ಅದು ಯಾರ ಪಾಲಿನದೆಂದು ಯೋಚಿಸಬೇಕು. ಮಗ ಇನ್ನೊಂದು ಬೇಕೆಂದಾಗ ತಾಯಿ ತನ್ನ ಪಾಲನ್ನೇ ನೀಡುವುದು ಸಹಜ; ನಿತ್ಯವೂ ಹಾಗೆ ನಡೆದರೆ ಆ ಮಗನಿಗೆ ದೊರೆಯುವುದು ನಿತ್ರಾಣಳಾದ ತಾಯಿ. ಬೇಕಾದರೆ ನಾಳೆ ಹದಿನಾಲ್ಕು ಕಾಯಿ ಮಾಡೋಣ. ಸೊಸೆ ಬಸುರಿಯಾಗಿದ್ದರೆ ಹೆಚ್ಚಿನ ಒಂದು ಆಕೆಗೇ ಸಲ್ಲಬೇಕು.

ಆಕೆ ಎಲ್ಲರೊಡನೆ ಕುಳಿತು ಉಣ್ಣಬೇಕಾದರೆ ಕೆಲಸವೂ ಹಂಚಿಕೆಯಾಗಬೇಕು. ಶೇಂಗಾ ಆರಿಸುವುದು, ಕುಟ್ಟುವುದು, ನೀರು ತುಂಬುವುದು, ತಟ್ಟೆ ಇಡುವುದು ಗಂಡಸರಿಗೆ ಅಸಾಧ್ಯವಾದ ಕೆಲಸಗಳಲ್ಲ. ರೊಟ್ಟಿಗಳನ್ನು ಮೊದಲೇ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟರೆ ಎಲ್ಲರೂ ಒಮ್ಮೆಗೇ ಕುಳಿತುಕೊಳ್ಳಬಹುದು. ಬಿಸಿರೊಟ್ಟಿಯೇ ಬೇಕೆಂಬ ಹಟವನ್ನು ಗಂಡಸರು ಸ್ವಲ್ಪ ಸಡಿಲಿಸಿದರೆ ಸಾಕು. ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವ ಅಧಿಕಾರ ಅತ್ತೆಯವರಿಗಿದೆ. ಅವರು ಒಮ್ಮೆ ಕರೆದರೆ ಆ ಮನೆಯಲ್ಲಿ ಬೇರೆ ಯಾರ ಉಪದೇಶವೂ ಬೇಕಾಗುವುದಿಲ್ಲ.

ಊಟದೊಡನೆ ನಿಂಬೆಹಣ್ಣಿನ ಹೋಳು ಇರಲಿ; ಅದು ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಚಹಾ ಇದಕ್ಕೆ ಅಡ್ಡಿ ಮಾಡುವುದರಿಂದ ಊಟಕ್ಕೂ ಅದಕ್ಕೂ ಒಂದು ಗಂಟೆಯ ಅಂತರವಿರಲಿ. ಮಾಂಸಾಹಾರಿಗಳು ತುಂಗಭದ್ರೆಯ ಹಿನ್ನೀರಿನ ಮೀನನ್ನು ಆಗಾಗ ಬಳಸಬಹುದು. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನೊಡನೆ ಖಾರವಿಲ್ಲದ, ಚೆನ್ನಾಗಿ ನುರಿದ ಆಹಾರವನ್ನು ತಿನ್ನಿಸಿರಿ. ಚಿಕ್ಕ ಮಕ್ಕಳ ಕೈಗೆ ಇಡಿಯ ಶೇಂಗಾ ಕೊಡಬಾರದು. ಅದು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಆದರೆ ಊಟವೊಂದರಿಂದಲೇ ರಕ್ತಹೀನತೆ ವಾಸಿಯಾಗುವುದೆಂದು ತಿಳಿಯಬಾರದು. ಬಸುರಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ನುಂಗಬೇಕು. ಹೆರಿಗೆಯ ಬಳಿಕವೂ 180 ದಿನ ಮುಂದುವರಿಸಬೇಕು. ಈ ಮಾತ್ರೆಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಮಲ ಕಪ್ಪಾದರೆ ಗಾಬರಿಪಡಬೇಕಾಗಿಲ್ಲ. ಹೊಟ್ಟೆ ತೊಳಸಿದಂತಾದರೆ ಮಾತ್ರೆ ಬಿಡದೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕಿಯನ್ನೋ ಕೇಳಿರಿ. ರಕ್ತ ಪರೀಕ್ಷೆಗೆ ಹೋಗುವಾಗ ಗಂಡನೂ ಜೊತೆಯಲ್ಲಿ ಹೋಗುವುದು ಮೇಲು.

ಬಂಧುಗಳೇ, ಇದಕ್ಕೆ ಹೊಸ ಹಣವೇನೂ ಬೇಕಾಗಿಲ್ಲ. ಜೋಳ, ಶೇಂಗಾ, ಬದನೆಕಾಯಿ ನಮ್ಮ ಸೀಮೆಯ ಬೆಳೆಗಳೇ. ಇಂದು ರಾತ್ರಿ ಊಟಕ್ಕೆ ಕುಳಿತಾಗ ತಟ್ಟೆಗಳನ್ನು ಎಣಿಸಿರಿ. ಮನೆಯಲ್ಲಿ ಎಷ್ಟು ಜನರೋ ಅಷ್ಟು ತಟ್ಟೆಗಳು ಒಟ್ಟಿಗೆ ಇದ್ದರೆ ನನ್ನ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ.